ಕಣಗಲಾ ಶೆಡ್ಡಿನ ಬಾಡಿದ ದ್ರಾಕ್ಷಿ

ಬಾಡಿದ್ದೋ, ಕೊಳೆತದ್ದೋ? ಗೋಡೆಗೆ ಕಟ್ಟಿದ ಗೋಣಿತಾಟನ್ನು ನಿನ್ನೆ ತುಸು ಹೆಚ್ಚೇ ತೋಯಿಸಿಬಿಟ್ಟೆನೇನೋ? ಹುಕ್ಕೇರಿ ತಾಲ್ಲೂಕಿನ ಕಣಗಲಾ ಬಳಿಯ ಶೆಡ್ಡಿನಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಇದೇ ಅನುಮಾನದಲ್ಲಿ ಕರೆಪ್ಪ ಕಪ್ಪು ದ್ರಾಕ್ಷಿಯ ಗೊಂಚಲೊಂದನ್ನು ಮೂಗಿಗೆ ಹಿಡಿದು ನಿಂತಿದ್ದಾರೆ. ಬೂಷ್ಟಿನ ವಾಸನೆ ಬಂದರೆ ಎಲ್ಲ ಮುಗಿದಂತೆ. ಬರುವುದಿಲ್ಲ. ಆದರೂ ಇನ್ನೊಂದು ಗೊಂಚಲು ಎತ್ತುತ್ತಾರೆ.

ಇಟಲಿಯ ವೆರೋನಾ ಸೀಮೆಯಲ್ಲಿ ಕೆಲವು ತಳಿಯ ಕಪ್ಪು ದ್ರಾಕ್ಷಿಯನ್ನು ಬಾಡಿಸಿ, ಬೆರೆಸಿ, ಅಮರೋನೆ ಎಂಬ ಕೆಂಪು ವೈನ್ ಮಾಡುತ್ತಾರೆ. ಬೇರೆ ಕಡೆಯ ವೈನಿಗೆ ಆ ಹೆಸರು ಇಡುವಂತಿಲ್ಲ. ಹೆಸರು ಬೇಡ, ಆ ಬಗೆ ಸಾಕು ಎಂದು ಹೊರಟವರು ತೋಟದ ಒಡತಿ ನೇತ್ರಾ. ಅಲ್ಲಿ ಚಳಿಯಲ್ಲಿ ತಿಂಗಳುಗಟ್ಟಲೆ ಬಾಡುವ ಹಣ್ಣು ಇಲ್ಲಿಯ ಬಿಸಿಲಿಗೆ ಬೇಗ ಒಣಗಿಬಿಡುತ್ತದೆ. ಅದಕ್ಕೇ, ಒಳಗೆ ತಂಪಾಗಿರಲೆಂದು, ಕರೆಪ್ಪನವರ ಒದ್ದೆ ಗೋಣಿತಾಟು.

“ಗೋಕಾಕ ಕರದಂಟು ಅಂತ ಇನ್ನೆಲ್ಲೋ ಮಾಡಿ ಮಾರಿದ್ರ ನಮಗ ಸಿಟ್ಟು ಬರಾಂಗಿಲ್ಲೇನ್ರಿ? ಆ ಇಟಲಿಯವರಿಗೂ ಹಂಗ,” ಎಂದು ಕರೆಪ್ಪ ನಗುತ್ತಾರೆ.

ಕರೆಪ್ಪ, ಹೆಂಡತಿ ಕೆಂಪವ್ವ ಇಬ್ಬರೂ ಅಥಣಿ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ದುಡಿದವರು. ಅಲ್ಲಿ ಹಣ್ಣು ಬೇಗ ಒಣಗಲೆಂದು ಎಣ್ಣೆ ಬೆರೆಸಿದ ನೀರಿಗೆ ಅದ್ದಿಯೇ ಹರವುವುದು. ಹೋದ ವರ್ಷ ಆ ರೂಢಿ ಇಲ್ಲಿಗೂ ಬಂತು. ಗೊಂಚಲುಗಳೆಲ್ಲ ನೋಡನೋಡುತ್ತಲೇ ಒಣದ್ರಾಕ್ಷಿಯಾದವು. ಹಿಂಡಿದರೆ ಹನಿ ರಸವಿಲ್ಲ. ಯಾರ ಕೆಲಸ ಇದು ಎಂದು ನೇತ್ರಾ ಕೇಳಿದಾಗ ಕರೆಪ್ಪ ತಲೆ ತಗ್ಗಿಸಿ ಮುಂದೆ ನಿಂತರು. ಬೈಗುಳ ಅವರಿಗೇ ಬಿತ್ತು. ಈ ಸಲವೂ ಕೆಟ್ಟರೆ ಶೆಡ್ಡಿಗೆ ಬೀಗ.

ಬಿಸಿಲೇರುವ ಮೊದಲೇ ಹಣ್ಣು ಜಜ್ಜುವ ಯಂತ್ರ ತಿರುಗುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಪ್ಪುಗೆಂಪು ರಸ ನಿಧಾನವಾಗಿ, ದಪ್ಪಗೆ, ತೊಟ್ಟಿಗೆ ಇಳಿಯುತ್ತದೆ.

“ಅಯ್ಯ, ಇಲ್ಲಿ ನೋಡ್ರಿ! ಕಾಕಂಬಿ ಬಂದಂಗ ಬರಾಕತ್ತೈತಿ!” ಕೆಂಪವ್ವ ಕುಣಿಯುವುದೊಂದು ಬಾಕಿ.

ನೇತ್ರಾ ಬೆರಳಿಗೆ ಅದ್ದಿ ನೆಕ್ಕುತ್ತಾರೆ. “ಕಾಕಾ, ಗೆದ್ರಿ! ಹೋದ ವರ್ಷ ನೀವು ಆ ಎಣ್ಣಿಗೆ ಕೈ ಹಾಕದಿದ್ರ ಆಗಲೇ ಗೆಲ್ತಿದ್ವಿ.”

ಕೆಂಪವ್ವನಿಗೆ ತಡೆಯಲಾಗುವುದಿಲ್ಲ. “ಅವರ್ಯಾಕ ಹಾಕ್ತಾರ್ರಿ ಅಕ್ಕಾರ? ಅದ್ದಿದಾಕಿ ನಾನು! ಈ ಮನಷ್ಯಾ ತಾನೂ ಬಾಯಿ ಬಿಡಲಿಲ್ಲ, ನನಗೂ ಬಿಡಗೊಡಲಿಲ್ಲ.”

ನೇತ್ರಾ ಕರೆಪ್ಪನವರನ್ನೇ ನೋಡುತ್ತಾರೆ.

“ಸುಮ್ನಿರಾಕ ಬರಾಂಗಿಲ್ಲೇನ ನಿನಗ,” ಎಂದು ಹೆಂಡತಿಗೆ ಗೊಣಗಿ, ಕರೆಪ್ಪ ಇನ್ನೊಂದು ಬುಟ್ಟಿ ಸುರಿಯುತ್ತಾರೆ. ಆಸೆ ಏನೆಂದು ಯಾರಾದರೂ ಕೇಳಿದರೆ, “ಬಾಟ್ಲಿ ಮ್ಯಾಲ ‘ಕಣಗಲಾ’ ಅಂತ ಕನ್ನಡದಾಗ ಬರಿಸ್ಲಿ. ಅಷ್ಟ,” ಎನ್ನುತ್ತಾರೆ.

ಅದ್ದಿದ್ದು ತಾನಲ್ಲ ಎಂದು ಮಾತ್ರ ಅವರು ಎಂದೂ ಹೇಳಲಿಲ್ಲ.