ಎಂಟು ಹನಿ ಕುಸುಬಿ ಎಣ್ಣೆ

ಹೋದ ತಿಂಗಳು ಪಕ್ಕದ ಮನೆಯಾಕೆ ನನ್ನನ್ನು ಕರೆದು, ಹೊಲಿಗೆ ಯಂತ್ರ ಮೂರು ದಿನದಿಂದ ತಿರುಗುತ್ತಿಲ್ಲ, ನೋಡಿ ಎಂದರು. ನಾನು ಚಕ್ರದ ಬಳಿ ಮುಖ ಒಯ್ದೆ, ಅಷ್ಟೆ. ಹಳಸಿದ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಗಾಣದಿಂದ ಆಗ ತಾನೇ ಬಂದ ಎಣ್ಣೆಯ ಸಿಹಿ ವಾಸನೆಯಲ್ಲ; ಗಾಳಿಗೆ ಬಿಟ್ಟ ಎಣ್ಣೆ ಅಂಟಾಗಿ, ಅಂಟು ಹಕ್ಕಳೆಗಟ್ಟಿ, ಹೊಸ ಬಾಗಿಲಿಗೆ ಬಳಿದ ಬಣ್ಣದಂತೆ ನಾರುವ ವಾಸನೆ. "ಅಡಿಗಿ ಎಣ್ಣಿ ಹಾಕೀರೇನ್ರಿ?" ಎಂದೆ. "ಹೌದ್ರಿ, ಮನ್ಯಾಗ ಅದೇ ಇತ್ತು. ಎಣ್ಣಿ ಅಂದ್ರ ಎಣ್ಣಿ ಅಲ್ಲೇನ್ರಿ?" ಎಂದರು ಅವರು. ಹನ್ನೊಂದನೆಯ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಯಂತ್ರ ಬಿಚ್ಚಿ, ತೊಳೆದು, ಸರಿಮಾಡಿ ಕೊಟ್ಟು ಮನೆಗೆ ಬಂದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ನನ್ನ ಹಳೆಯ ವಹಿಯನ್ನು ತೆಗೆದೆ.

ನಮ್ಮ ಊರು ಭೀಮಾ ನದಿಯ ದಡದ ಮೇಲಿತ್ತು, ಘತ್ತರಗಿಯಿಂದ ಎರಡು ಹರದಾರಿ. ಈಚೆ ದಡ ನಿಜಾಮರ ರಾಜ್ಯ, ಆಚೆ ದಡ ಮುಂಬೈ ಇಲಾಖೆ. ಅವ್ವನ ತವರೂರು ಆಚೆ ಇತ್ತು. ಮಣ್ಣಿನ ಮಾಳಿಗೆಯ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಆಯಿ, ಮತ್ತು ಅಪ್ಪನ ತಮ್ಮ ಕಾಕಾ ಇದ್ದೆವು. ಕಾಕಾ ಮುಂಬೈಯಲ್ಲಿ ಒಬ್ಬ ಸಾಹೇಬನ ಬಂಗಲೆಯಲ್ಲಿ ಮಾಲಿಯಾಗಿದ್ದ. ನಲವತ್ತೇಳರಲ್ಲಿ ಆ ಸಾಹೇಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೋಗುವಾಗ ಕಾಕಾನಿಗೆ ಒಂದು ವಸ್ತು ಕೊಟ್ಟಿದ್ದ. ಊಟದ ತಾಟಿನಷ್ಟು ದೊಡ್ಡದಾದ ಕಂದು ಕಟ್ಟಿಗೆಯ ಗಾಲಿ, ಬೆನ್ನಿಗೆ ಹಿತ್ತಾಳೆಯ ಪಟ್ಟಿ, ನಡುವೆ ಉಕ್ಕಿನ ಅಚ್ಚು. ಸಮುದ್ರದ ದಂಡೆಯ ಮೇಲೆ ನಿಂತು ತೆರೆಗಳಾಚೆ ಗಾಳ ಎಸೆಯಲು, ದಾರ ಸುತ್ತಿಡುವ ರೀಲು ಅದು. ನಾವು ಅದನ್ನು ರಾಟಿ ಎನ್ನುತ್ತಿದ್ದೆವು.

ಕಾಕಾ ಅದನ್ನು ಪಡಸಾಲೆಯಲ್ಲಿ ಬಿಚ್ಚಿದ ದಿನ ಆಯಿ ಸೆರಗನ್ನು ಮೂಗಿಗೆ ಹಿಡಿದಳು. ನಮ್ಮದು ಲಿಂಗ ಕಟ್ಟಿದ ಮನೆ. ಮೀನಿನ ಹೆಸರೂ ಒಲೆಯ ಹತ್ತಿರ ಬರುವಂತಿರಲಿಲ್ಲ. "ಲೇ ಬಸ್ಯಾ, ಸಮುದ್ರದ ಸಾಮಾನ ತಂದೀದಿ, ಸಮುದ್ರ ಎಲ್ಲಿ ಇಟ್ಟು ಬಂದಿ?" ಎಂದಳು. ಕಾಕಾ ನಕ್ಕ. ಕಡೆಗೆ ಒಂದು ಒಪ್ಪಂದವಾಯಿತು: ರಾಟಿ ಇರಲಿ, ಗಾಳದ ಮುಳ್ಳು ಮಾತ್ರ ಹೊಸ್ತಿಲು ದಾಟಬಾರದು. ಮುಳ್ಳುಗಳನ್ನೆಲ್ಲ ಆಯಿ ತಾನೇ ತಿಪ್ಪೆಯಲ್ಲಿ ಹುಗಿದು ಬಂದು ಸ್ನಾನ ಮಾಡಿದಳು. ಹೀಗಾಗಿ ಕಾಕಾ ದಾರದ ತುದಿಗೆ ಬರೀ ಸೀಸದ ಗುಂಡು ಕಟ್ಟಿ, ಕೊಯ್ಲಾದ ಜೋಳದ ಹೊಲದಲ್ಲಿ ಎಸೆಯುತ್ತಿದ್ದ. ಊರ ಜನ ಅಗಸಿ ಬಾಗಿಲಲ್ಲಿ ಕೂತು, "ಬಸಣ್ಣಾ, ಹೊಲದಾಗ ಎಷ್ಟು ಮೀನ ಬಿದ್ದಾವೋ?" ಎಂದು ಕೇಳುತ್ತಿದ್ದರು. "ನಿಮ್ಮಷ್ಟು ದೊಡ್ಡಾವು ಬಿದ್ದಿಲ್ಲ ಬಿಡ್ರಿ" ಎನ್ನುತ್ತಿದ್ದ ಕಾಕಾ.

ಶಾಲೆಯಲ್ಲಿ ನಮಗೆ ಉರ್ದು. ಕನ್ನಡ ಬರೆಯಲು ಕಲಿಸಿದವನು ಕಾಕಾ. ಅವನು ಕೊಟ್ಟ ವಹಿಯಲ್ಲಿ ನಾನು ದಿನದ ಎಸೆತಗಳನ್ನು ಬರೆದಿಡುತ್ತಿದ್ದೆ. ಗುಂಡು ಬಿದ್ದಲ್ಲಿಗೆ ಓಡಿ ಹೋಗಿ, ಕೈ ಚಾಚಿ ಮಾರು ಹಾಕಿ ಅಳೆಯುವುದು ನನ್ನ ಕೆಲಸ. ಮೊದಲ ದಿನದ ಪುಟದಲ್ಲಿ ಹೀಗಿದೆ: ಎಸೆತ ಹದಿನಾಲ್ಕು, ಸಿಕ್ಕು ಹನ್ನೊಂದು, ದೂರದ್ದು ಹದಿನೇಳು ಮಾರು. ಗುಂಡಿನ ವೇಗಕ್ಕಿಂತ ರಾಟಿ ಜೋರಾಗಿ ತಿರುಗಿದರೆ ದಾರ ಉಕ್ಕಿ ಹೆಣ್ಣುಮಕ್ಕಳ ತಲೆಯಂತೆ ಸಿಕ್ಕಾಗುತ್ತಿತ್ತು. ರಾಟಿಯನ್ನು ಬೈಯುತ್ತಿದ್ದ ಆಯಿಯೇ ಸಂಜೆ ಹಣಿಗೆ ಹಿಡಿದು ಕೂತು ಆ ಸಿಕ್ಕು ಬಿಡಿಸುತ್ತಿದ್ದಳು. ಕಾಕಾ ಒಂದೊಂದೇ ದೋಷ ಕಂಡುಹಿಡಿದ. ಗಾಲಿ ಅಚ್ಚಿನ ಮೇಲೆ ಅಲುಗಾಡುತ್ತಿತ್ತು. ಹಳೆಯ ಚಪ್ಪಲಿಯಿಂದ ತೆಳ್ಳಗಿನ ತೊಗಲಿನ ಬಿಲ್ಲೆ ಕತ್ತರಿಸಿ ಹಾಕಿದ. ದಾರವನ್ನು ಅಂಚಿನವರೆಗೆ ತುಂಬದೆ ಎರಡು ಜೋಳದ ಕಾಳಿನಷ್ಟು ಜಾಗ ಬಿಟ್ಟ. ಎಸೆಯುವ ಮೊದಲು ದಾರವನ್ನು ನೀರಲ್ಲಿ ತೋಯಿಸಿದ. ಕಡೆಯದಾಗಿ ಹೆಬ್ಬೆರಳು: ಗಾಲಿಯ ಅಂಚಿಗೆ ತಾಗಿಯೂ ತಾಗದಂತೆ ಇಟ್ಟು, ಗುಂಡು ನೆಲ ಮುಟ್ಟುವ ಮುಂಚೆ ಒತ್ತಬೇಕು. "ನೀಲಾ, ರಾಟಿ ಓಡಬೇಕು, ಹುಚ್ಚೆದ್ದು ಓಡಬಾರ್ದು. ಎತ್ತಿನ ಹಗ್ಗ ಹಿಡಿಯೂದಿಲ್ಲೇನು, ಹಂಗ" ಎನ್ನುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ವಹಿಯಲ್ಲಿ ನಲವತ್ತೈದು ಮಾರು ಎಂಬ ಸಂಖ್ಯೆ ಬಂದಿತ್ತು, ಸಿಕ್ಕಿನ ಕಡೆ ಸೊನ್ನೆ.

ಆ ನಲವತ್ತೆಂಟರ ಜ್ಯೇಷ್ಠದಲ್ಲಿ ಅಪ್ಪ ಅವ್ವನನ್ನು ಹೆರಿಗೆಗೆಂದು ದೋಣಿಯಲ್ಲಿ ಆಚೆಗೆ ಕರೆದುಕೊಂಡು ಹೋದ. ನನ್ನ ನಂತರದ ಎರಡು ಕೂಸು ಉಳಿದಿರಲಿಲ್ಲ. ಅದಕ್ಕೇ ಎಲ್ಲರಿಗೂ ಅಂಜಿಕೆ. ಅಪ್ಪ ಎಂಟು ದಿನದಲ್ಲಿ ಮರಳಬೇಕಿತ್ತು. ಅಷ್ಟರೊಳಗೆ ರಜಾಕಾರರ ಗಲಾಟೆ ನಮ್ಮ ಕಡೆಗೂ ಬಂತು. ಯಾರೂ ನದಿ ದಾಟಬಾರದೆಂದು ಹುಕುಂ ಆಯಿತು. ದೋಣಿ ಘಾಟಿನಲ್ಲಿ ಕಾವಲಿನ ನಾಕಾ ಕೂತಿತು, ದೋಣಿಗಳನ್ನು ದಡಕ್ಕೆಳೆದು ಮಗುಚಿದರು. ಮೇಲೆ ಮಳೆ. ಹೊಳೆ ತುಂಬಿತು. ಆಯಿ ಬೆಳಗಿನಿಂದ ಸಂಜೆಯವರೆಗೆ ಒಳಗೂ ಹೊರಗೂ ತಿರುಗುವಳು. ಬೀಸುತ್ತ ಬೀಸುತ್ತ ನಿಲ್ಲಿಸಿ, "ಈಗ ತಿಂಗಳ ತುಂಬಿರಬೇಕಲ್ಲ" ಎನ್ನುವಳು. ನಾನು ಗೋಡೆಯ ಮೇಲೆ ಇದ್ದಲಿನಿಂದ ದಿನಗಳ ಗೀಟು ಎಳೆದೆ. ಗೀಟು ಹೆಚ್ಚಾದಂತೆ ಯಾರೂ ಆ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಘಾಟಿನಿಂದ ಮೇಲಕ್ಕೆ, ನಾಕಾದವರ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಹೊಳೆ ಎರಡು ಬಂಡೆಗಳ ನಡುವೆ ಇರುಕಿ ಹರಿಯುವ ಜಾಗವಿತ್ತು. ಬೇಸಿಗೆಯಲ್ಲಿ ಕಾಕಾ ಅಲ್ಲಿ ಹಗ್ಗ ಹಿಡಿದು ಅಳೆದಿದ್ದ: ಬಂಡೆಯಿಂದ ಬಂಡೆಗೆ ನಲವತ್ತೆರಡು ಮಾರು. ನೀರಿನ ಅಬ್ಬರಕ್ಕೆ ಕೂಗಿದರೆ ಕೇಳುತ್ತಿರಲಿಲ್ಲ. ಆದರೆ ಆಚೆ ಬಂಡೆಯ ಮೇಲೆ ಒಂದು ಈಶ್ವರನ ಗುಡಿ. ಶ್ರಾವಣ ಸೋಮವಾರ ಅವ್ವನ ಊರಿನ ಜನ ಅಲ್ಲಿಗೆ ಬರುತ್ತಿದ್ದರು. ಕಾಕಾ ರಾಟಿಯ ಕಡೆ ನೋಡಿದ, ಆಯಿ ಕಾಕಾನ ಕಡೆ ನೋಡಿದಳು. "ಮೀನ ಹಿಡಿಯೂ ಸಾಮಾನ ಅಂತ ನಾ ಇನ್ನ ಅನ್ನೂದಿಲ್ಲ" ಎಂದಳು.

ಪತ್ರ ಬರೆದವಳು ನಾನು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಅಪ್ಪ ಓದಿ ಹೇಳುತ್ತಿದ್ದ. ಸೀಸದಕಡ್ಡಿಯಲ್ಲಿ ಬರೆದೆ: ಆಡು ಎರಡು ಮರಿ ಹಾಕಿದೆ, ಒಂದು ಕರಿದು. ನಿನ್ನ ಸೀರೆ ಗೂಟದ ಮೇಲೆಯೇ ಇದೆ, ಆಯಿಗೆ ಒಗೆಯಲು ಕೊಟ್ಟಿಲ್ಲ, ಅದರ ವಾಸನೆ ಹೋಗುತ್ತದೆ. ನೀನು ಹೇಗಿದ್ದಿ, ಬೇಗ ಹೇಳಿ ಕಳಿಸು. ಗುಂಡಿಗೆ ಕಟ್ಟಿ ಎಸೆಯಲೆಂದು ಮೇಣ ಬಳಿದ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಆದರೆ ಮೊದಲ ಸೋಮವಾರ ಜಡಿಮಳೆ, ಹೊರಗೆ ಕಾಲಿಡಲಾಗಲಿಲ್ಲ. ಕಾಕಾ ಮಳೆ ನೋಡುತ್ತ ಕೂತ. ನನಗೆ ಕೂರಲಾಗಲಿಲ್ಲ; ಏನಾದರೂ ಮಾಡಬೇಕಿತ್ತು. ದಿನಾ ಬೆಳಿಗ್ಗೆ ದೀಪದ ಬುಡ್ಡಿಯಿಂದ ಬತ್ತಿಯ ತುದಿಯಲ್ಲಿ ಕುಸುಬಿ ಎಣ್ಣೆ ತೆಗೆದು ರಾಟಿಯ ಅಚ್ಚಿಗೆ ಬಿಟ್ಟೆ. ರೊಟ್ಟಿಗೆ, ದೀಪಕ್ಕೆ, ತಲೆಗೆ, ಕೀಲಿಗೆ, ಎಲ್ಲಕ್ಕೂ ನಮ್ಮ ಮನೆಯಲ್ಲಿ ಅದೇ ಎಣ್ಣೆ. ವಹಿಯಲ್ಲಿ ಬರೆದೆ: ಎಣ್ಣೆ, ಒಂದು ಹನಿ. ಮರುದಿನ, ಎಣ್ಣೆ, ಒಂದು ಹನಿ. ಎಂಟು ದಿನ, ಎಂಟು ಸಾಲು.

ಎರಡನೆಯ ಸೋಮವಾರ ಮಳೆ ಹೊಳವಾಯಿತು. ಆಚೆ ಗುಡಿಯ ಹತ್ತಿರ ಐದಾರು ಜನ ಕಂಡರು. ಕಾಕಾ ರುಮಾಲು ಬೀಸಿದ, ಅವರೂ ಬೀಸಿದರು. ರಾಟಿ ಕಟ್ಟಿದ ಬಿದಿರಿನ ಗಳವನ್ನು ಹಿಂದಕ್ಕೆ ಬಾಗಿಸಿ ಬೀಸಿ ಎಸೆದ. ರಾಟಿ ಒಂದು ಸುತ್ತು ತಿರುಗಿ ಕಚ್ಚಿ ಹಿಡಿಯಿತು. ದಾರ ಟಪ್ಪೆಂದು ಹರಿಯಿತು. ಗುಂಡು, ಪತ್ರ, ಎರಡೂ ನಡುಹೊಳೆಯಲ್ಲಿ ಬಿದ್ದವು. ಕಾಕಾ ಗಾಲಿ ತಿರುಗಿಸಲು ನೋಡಿದ, ಬಾಗಿಲಿಗೆ ಗೋಂದು ಮೆತ್ತಿದಂತೆ ನಿಂತಿತ್ತು. ಅಚ್ಚು ಮೂಸಿ ನನ್ನ ಕಡೆ ನೋಡಿದ. ನಾನು ವಹಿ ತೆಗೆದು ಎಂಟು ಸಾಲಿನ ಪುಟ ತೋರಿಸಿದೆ. ಅವನು ಓದಿದ, ಬೈಯಲಿಲ್ಲ. "ದಿನಾ ತಪ್ಪದ ಬರದೀದಿ ನೋಡು" ಎಂದಷ್ಟೇ ಹೇಳಿದ.

ಸಂಜೆ ನಾನು, ಕಾಕಾ ಅಗಸಿಯ ದರ್ಜಿ ಚಾಚಾನ ಬಳಿ ಹೋದೆವು. ಚಾಚಾ ರಾಟಿಯ ಅಚ್ಚನ್ನು ಉಗುರಿನಿಂದ ಕೆರೆದು, "ಅರೆ ಬೇಟಿ, ಇದು ಕುಸುಬಿ. ಒಣಗಿದ್ರ ಸರೇಸ ಆಗ್ತದ, ಗೋಂದಿನಂಗ. ಮಶೀನಿಗಿ ಮಶೀನಿನ ಎಣ್ಣೀನೇ ಬೇಕು" ಎಂದ. ಚಿಮಣಿ ಎಣ್ಣೆಯಲ್ಲಿ ಅಚ್ಚನ್ನು ನೆನೆಹಾಕಿ, ಚಿಂದಿಯಿಂದ ಒರೆಸಿ, ತನ್ನ ಯಂತ್ರದ ಬುಡ್ಡಿಯಿಂದ ಒಂದೇ ಹನಿ ಬಿಟ್ಟ. ಬೆರಳಿನಿಂದ ತಟ್ಟಿದರೆ ರಾಟಿ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಹೊಸ ದಾರವನ್ನೂ ಅವನೇ ಮೂರೆಳೆ ಹುರಿ ಮಾಡಿ, ಮೇಣ ಹಚ್ಚಿ ಕೊಟ್ಟ. "ಭಾಬಿ ಸುಖವಾಗಿ ಬರ್ಲಿ, ಕೂಸಿನ ಅಂಗಿ ನಾ ಹೊಲೀತೇನಿ" ಎಂದ.

ಮೂರನೆಯ ಸೋಮವಾರ ಗುಂಡು ಆಚೆ ಬಂಡೆಯ ಮೇಲೆ ಬಿತ್ತು. ಕಾಕಾನ ಹೆಬ್ಬೆರಳು ಅಂಚನ್ನು ಒತ್ತಿದ್ದನ್ನು ನಾನು ನೋಡಿದೆ. ಒಂದು ಎಳೆಯೂ ಉಕ್ಕಲಿಲ್ಲ. ಮತ್ತೆ ಬರೆದ ಅದೇ ಪತ್ರವನ್ನು ಅವರು ಬಿಚ್ಚಿಕೊಂಡರು. ನಾಲ್ಕನೆಯ ಸೋಮವಾರ ಮತ್ತೆ ಎಸೆದಾಗ ಅವರು ದಾರಕ್ಕೆ ಒಂದು ಗಂಟು ಕಟ್ಟಿದರು. ಕಾಕಾ ಸುತ್ತಿದ, ಗಂಟು ನೀರಿನಲ್ಲಿ ಮುಳುಗೇಳುತ್ತ ಬಂತು. ಒಳಗೆ ಕೂಸಿನ ತಲೆಗೆ ತೊಡಿಸುವ ಹಸಿರು ಕುಂಚಿಗೆ, ಅಂಗೈಯಷ್ಟು ಚಿಕ್ಕದು. ಜೊತೆಗೆ ಅಪ್ಪನ ಪತ್ರ. ಅವನು ಶಾಯಿಯಲ್ಲಿ ಬರೆದಿದ್ದ. ಕಾಗದದ ತುಂಬ ನೀಲಿ ನೀರು ಹರಡಿತ್ತು, ಒಂದು ಅಕ್ಷರವೂ ಉಳಿದಿರಲಿಲ್ಲ. ನಮಗೆ ಕುಂಚಿಗೆಯೇ ಸಾಕಾಯಿತು. ಆಯಿ ಮನೆಮನೆಗೆ ಸಕ್ಕರೆ ಹಂಚಿದಳು. ತೊಟ್ಟಿಲು ತೊಳೆದು ಬಿಸಿಲಿಗಿಟ್ಟಳು. ಬಾಣಂತಿಯ ಉಂಡೆಗೆಂದು ಕೊಬ್ಬರಿ, ಅಂಟು ಕೂಡಿಸಿದಳು. ನಾನು ಗೋಡೆಯ ಮೇಲಿನ ಗೀಟುಗಳನ್ನು ಸುಣ್ಣ ಬಳಿದು ಅಳಿಸಿ, ಅವ್ವ ಬರುವ ದಿನದ ಲೆಕ್ಕವನ್ನು ಹೊಸದಾಗಿ ಶುರುಮಾಡಿದೆ. ಇಪ್ಪತ್ತೆಂಟು ಗೀಟುಗಳಾದವು. ಆ ಇಪ್ಪತ್ತೆಂಟು ದಿನ ನಮ್ಮ ಮನೆಯಲ್ಲಿ ಅವ್ವ ಬದುಕಿದ್ದಳು.

ಗಣಪತಿ ಹಬ್ಬ ಕಳೆದ ಮೇಲೆ ರಾಜ್ಯ ಬದಲಾಯಿತು, ದೋಣಿಗಳು ನೀರಿಗಿಳಿದವು. ಅಪ್ಪ ಬಂದ. ತೋಳಿನಲ್ಲಿ ಕೂಸಿತ್ತು, ಹಿಂದೆ ಯಾರೂ ಇರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಕಾಗದ ಮುಟ್ಟಲಿಲ್ಲೇನು?" ಎಂದು ಕೇಳಿದ. ಆಯಿ ಕೂಸನ್ನು ಎತ್ತಿಕೊಂಡು ಬಿಸಿಲಿಗಿಟ್ಟ ತೊಟ್ಟಿಲ ಪಕ್ಕದಲ್ಲೇ ಕೂತುಬಿಟ್ಟಳು. ನಾನು ಕೇಳಿದ್ದು ಒಂದೇ, ಯಾವ ದಿನ ಎಂದು. ಎರಡನೆಯ ಸೋಮವಾರ ದಾಟಿದ ಗುರುವಾರ, ಹೆರಿಗೆಯಾದ ಸಂಜೆಯೇ ಎಂದ ಅಪ್ಪ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಗುಂಡು ಆ ಸೋಮವಾರ ಆಚೆ ಬಿದ್ದಿದ್ದರೆ ಅವ್ವ ಮಂಗಳವಾರ ಕರಿ ಮರಿಯ ಸುದ್ದಿ, ಸೀರೆಯ ಸುದ್ದಿ ಕೇಳುತ್ತಿದ್ದಳು. ನಾನು ಬೆರಳು ಮಡಚುವುದನ್ನು ಕಾಕಾ ನೋಡಿದ. ಹತ್ತಿರ ಬಂದು ನನ್ನ ಮುಷ್ಟಿ ಬಿಡಿಸಿ, "ಎಣಸಬ್ಯಾಡ ನನ್ನವ್ವ" ಎಂದ. ಆಮೇಲೆ, "ನಿನ್ನ ವಹಿ ಇಲ್ಲಿ ತಾ" ಎಂದು ಇಸಿದುಕೊಂಡ.

ಮರುದಿನ ವಹಿ ನನ್ನ ಹಾಸಿಗೆಯ ಮೇಲಿತ್ತು. ಒಂದು ವರ್ಷ ನಾನದನ್ನು ತೆರೆಯಲಿಲ್ಲ. ಅಷ್ಟರಲ್ಲಿ ದರ್ಜಿ ಚಾಚಾನ ಮನೆಗೆ ಬೀಗ ಬಿದ್ದಿತ್ತು. ಅವರು ಎಲ್ಲಿಗೆ ಹೋದರೆಂದು ಊರಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕಾಕಾ ಮತ್ತೆ ಮುಂಬೈಗೆ ಹೋದ, ಅಲ್ಲೇ ತೀರಿಕೊಂಡ. ಆಯಿಯೂ ಹೋದಳು. ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿಯಿತು. ಆ ಕೂಸು, ನನ್ನ ತಮ್ಮ, ಈಗ ಜೇವರ್ಗಿಯಲ್ಲಿ ಓದುತ್ತಿದ್ದಾನೆ, ನಾನು ಆಳಂದದಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನನ್ನ ವಹಿಗಳಲ್ಲಿ ತಪ್ಪು ಕಂಡರೆ ಗೀಟು ಹಾಕಿ ತಿದ್ದುವುದು ನನ್ನ ರೂಢಿ. ಅಂದಿನಿಂದ ಇಂದಿನವರೆಗೆ ಒಂದು ಸುಳ್ಳು ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಎಂಟು ಹನಿಗಳ ಪುಟದ ಕೆಳಗೆ, ಕೋಳಿ ಕೆದರಿದಂಥ ಅಕ್ಷರದಲ್ಲಿ, ಸೀಸದಕಡ್ಡಿಯನ್ನು ಒತ್ತಿ ಒತ್ತಿ, ಕಾಕಾ ಬರೆದಿದ್ದಾನೆ: ಈ ಎಣ್ಣಿ ಹಾಕು ಅಂತ ನೀಲಾಗ ನಾನೇ ಹೇಳಿದ್ದೆ.