ನಮ್ಮಲ್ಲಿ ಯಾರೂ ನೋಡದ ರೇಸು

ಹೋದ ತಿಂಗಳು ಮೊಮ್ಮಗಳಿಗೆ ಎರೆಯುವ ಮುಂಚೆ ಔಡಲೆಣ್ಣೆಯ ಬಟ್ಟಲನ್ನು ಕೆಂಡದ ಮೇಲೆ ಇಟ್ಟು ಮರೆತೆ. ಎಣ್ಣೆ ಉಕ್ಕಿ ಕೆಂಡಕ್ಕೆ ಚೆಲ್ಲಿತು. ದಪ್ಪನೆಯ, ಸ್ವಲ್ಪ ಸಿಹಿಯಾದ, ಗಂಟಲಿಗೆ ಅಂಟಿಕೊಳ್ಳುವ ಹೊಗೆ ಮನೆ ತುಂಬಿತು. ಮಗಳು ಕೂಸನ್ನೆತ್ತಿಕೊಂಡು ಹೊರಗೆ ಓಡಿದಳು. ನಾನು ಮಾತ್ರ ಅಲ್ಲೇ ಕೂತೆ. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಆ ಹೊಗೆಯನ್ನು ಎಳೆದುಕೊಂಡೆ. ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಮ್ಮ ಓಣಿಯ ಬೆಳಗು ಇದೇ ವಾಸನೆಯದಾಗಿತ್ತು…

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ಕೋಟೆ ಗೋಡೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಪಕ್ಕದ್ದು ಇಂಜಿನು ರಿಪೇರಿ ಮಾಡುವವನೊಬ್ಬನದು. ಮನೆಯ ಮುಂದೆ ತಗಡಿನ ಶೆಡ್ಡು. ಎಲ್ಲರಿಗೂ ಅವನು ಮಿಸ್ತ್ರಿ. ಹೊಲದ ಪಂಪು, ಅಕ್ಕಿ ಗಿರಣಿಯ ಇಂಜಿನು, ಸಾಹುಕಾರರ ಮೋಟಾರ್ ಸೈಕಲ್ಲು, ಏನು ಕೆಟ್ಟರೂ ಅವನ ಹತ್ತಿರ ಬರುತ್ತಿತ್ತು. ವರ್ಷಕ್ಕೆ ಎರಡು ಮೂರು ಸಲ ಶೆಡ್ಡಿಗೆ ಬೀಗ ಹಾಕಿ, ತನ್ನ ಗಾಡಿಯನ್ನು ರೈಲಿಗೇರಿಸಿಕೊಂಡು ಮದ್ರಾಸಿಗೆ ಹೋಗುತ್ತಿದ್ದ. ಅಲ್ಲಿ ಊರ ಹೊರಗೆ, ವಿಮಾನ ಇಳಿಯುವುದು ನಿಂತುಹೋದ ಹಳೆಯ ಪಟ್ಟಿಯ ಮೇಲೆ ಮೋಟಾರ್ ಸೈಕಲ್ ರೇಸು ನಡೆಯುತ್ತಿತ್ತು.

ಆ ಗಾಡಿ ಗುಜರಿಯಿಂದ ತಂದದ್ದು. ಚೌಕಟ್ಟು ಒಂದು ಗಾಡಿಯದು, ಇಂಜಿನು ಇನ್ನೊಂದರದು, ಟ್ಯಾಂಕು ಅವನೇ ತಟ್ಟಿ ಮಾಡಿದ್ದು. ರೇಸಿನ ಇಂಜಿನಿನ ಬಿಸಿಯನ್ನು ಬೇರೆ ಎಣ್ಣೆ ತಡೆಯುವುದಿಲ್ಲವೆಂದು ಪೆಟ್ರೋಲಿಗೆ ಔಡಲೆಣ್ಣೆ ಬೆರೆಸುತ್ತಿದ್ದ. ಬೆಳಿಗ್ಗೆ ಯಾಪಲದಿನ್ನಿಯ ರಸ್ತೆಗೆ ಗಾಡಿ ಓಡಿಸಿ ನೋಡಲು ಹೊರಟರೆ ಓಣಿ ಪೂರ್ತಿ ಬಾಣಂತಿ ಕೋಣೆಯ ಹಾಗೆ ನಾರುತ್ತಿತ್ತು. ಅವನ ತಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಕೂಸಿಗೆ ಹಚ್ಚೋ ಎಣ್ಣಿ ಗಾಡಿಗಿ ಕುಡಸ್ತಾನ ನೋಡವ್ವಾ ಇಂವ!"

ಆ ತಾಯಿ ದೇವದುರ್ಗದ ಹತ್ತಿರದ ಒಂದು ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ರಸ್ತೆ ಕೆಲಸಕ್ಕೆ ಸೇರಿ, ರಾಯಚೂರಿನಿಂದ ದೇವದುರ್ಗದವರೆಗೆ ಬುಟ್ಟಿಯಲ್ಲಿ ಖಡಿ ಕಲ್ಲು ಹೊತ್ತವಳು. ಅವರ ಊರಿನ ಚಹಾದ ಹೋಟೆಲಿನಲ್ಲಿ ಅವರ ಜನರ ಕಪ್ಪು ಬೇರೆಯೇ ಇತ್ತು. ಹೊರಗಿನ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಮಿಸ್ತ್ರಿ ಮೊದಲ ಸಲ ಮದ್ರಾಸಿನಲ್ಲಿ ಗೆದ್ದು ಊರಿಗೆ ಹೋದಾಗ ಹೋಟೆಲಿನವನು ತಾನೇ ಹೊರಗೆ ಬಂದು, "ಒಳಗ ಬರ್ರಿ ಮಿಸ್ತ್ರಿ, ಕುಂದರ್ರಿ" ಅಂದನಂತೆ. ಮಿಸ್ತ್ರಿ ಗೂಡಿಗೆ ಕೈ ಹಾಕಿ ಆ ಕಪ್ಪನ್ನೇ ತೆಗೆದುಕೊಂಡು ಒಳಗೆ ಹೋದ. ಬೆಂಚಿನ ಮೇಲೆ ಕೂತು, "ಇದ್ರಾಗ ಹಾಕ್ರಿ" ಅಂದ. ಕುಡಿದು, ಕಪ್ಪನ್ನು ಎಲ್ಲರ ಕಪ್ಪುಗಳ ಸಾಲಿನಲ್ಲಿ ಇಟ್ಟು ಬಂದ. ಇದನ್ನು ತಾಯಿ ಹೇಳುವಾಗ ಅವಳ ದನಿ ಇಳಿದುಬಿಡುತ್ತಿತ್ತು, ದೇವರ ಕೋಣೆಯಲ್ಲಿ ಮಾತಾಡಿದ ಹಾಗೆ.

ಅವನಿಗೆ ಅಭಿಮಾನಿಗಳಿದ್ದರು ಅಂದರೆ ಈಗಿನವರಿಗೆ ನಗು ಬರಬಹುದು. ಅವರಲ್ಲಿ ಒಬ್ಬರೂ ಅವನ ರೇಸು ನೋಡಿದವರಲ್ಲ! ಮದ್ರಾಸಿಗೆ ಹೋಗಿಬರುವುದು ಯಾರಿಗೆ ಸಾಧ್ಯವಿತ್ತು? ಮಾನ್ವಿಯವನೊಬ್ಬ ಮದ್ರಾಸಿನ ಹತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ರೇಸಿದ್ದ ಭಾನುವಾರ ಅವನು ನೋಡಿ, ಸಂಜೆ ರಾಯಚೂರಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಟ್ರಂಕ್ ಕಾಲ್ ಮಾಡುತ್ತಿದ್ದ. ಆ ಒಂದು ಕಾಲಿಗಾಗಿ ದೇವದುರ್ಗದಿಂದ, ಮಾನ್ವಿಯಿಂದ, ಸಿರವಾರದಿಂದ ಬೆಳಗಿನ ಬಸ್ಸಿಗೆ ಜನ ಬಂದು ಹೋಟೆಲಿನ ಮುಂದೆ ಕೂಡುತ್ತಿದ್ದರು. ಕೂಲಿಯವರು, ಹಮಾಲರು, ಗಿರಣಿಯವರು, ಕಾಲೇಜಿನ ಹುಡುಗರು… ಅವರ ಮುಂದಾಳು ದೇವದುರ್ಗದ ಬಸ್ಸಿನ ಕಂಡಕ್ಟರ್. ಫೋನ್ ಎತ್ತುವ ಹಕ್ಕು ಅವನದು. ಗುಮಾಸ್ತ ಹೇಳಿದ್ದನ್ನು ಅವನು ಒಂದೊಂದೇ ಸುತ್ತು ಕೂಗಿ ಹೇಳುತ್ತಿದ್ದ, ಉಳಿದವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಕಾಲನ್ನು ಜೋಡಿಸಿಕೊಡುತ್ತಿದ್ದವಳು ಹಲವು ಸಲ ನಾನೇ. ನಿಯಮ ಮೀರಿ ನಾನೂ ಕೇಳಿಸಿಕೊಳ್ಳುತ್ತಿದ್ದೆ.

ಅವನು ಗಾಡಿ ಓಡಿಸುವುದು ಹೇಗೆಂದು ಹತ್ತಿರದಿಂದ ಕಂಡದ್ದು ಒಂದೇ ಸಲ. ಮಾನ್ವಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ, ಹನ್ನೆರಡೂವರೆ ದಾಟಿದರೂ ಬಸ್ಸಿಲ್ಲ. ಮೊದಲೇ ಒಮ್ಮೆ ತಡವಾಗಿ ಮೆಮೊ ಸಿಕ್ಕಿತ್ತು. ಗಿರಣಿಯ ಕೆಲಸಕ್ಕೆ ಬಂದಿದ್ದ ಮಿಸ್ತ್ರಿ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು ಗಾಡಿ ನಿಲ್ಲಿಸಿದ. ರೇಸಿನ ಗಾಡಿಯಲ್ಲ, ಯಾರದೋ ರಿಪೇರಿಗೆ ಬಂದದ್ದು.

"ಎರಡಕ್ಕ ಮುಟ್ಟಬೇಕೇನ್ರಿ ಅಕ್ಕಾರ? ಕುಂದರ್ರಿ. ಮಂದಿ ಏನಂತಾರ ಅನ್ನೋದು ನಿಮಗ ಬಿಟ್ಟದ್ದು."

ಮಂದಿ ಏನನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೂತೆ. ಊರು ದಾಟಿದ್ದೇ ಗಾಡಿ ಎದ್ದಿತು. ಹೌದು, ಎದ್ದಿತು ಅಂತಲೇ ಅನ್ನಬೇಕು. ಎರಡೂ ಕಡೆಯ ಭತ್ತದ ಗದ್ದೆಗಳು ಕರಗಿ ಒಂದೇ ಹಸಿರು ಗೆರೆಯಾದವು. ಕೊಕ್ಕರೆಗಳು ಹಾರುವುದನ್ನು ಕಂಡೆ, ಇಳಿಯುವುದನ್ನು ಕಾಣುವಷ್ಟರಲ್ಲಿ ನಾವು ಅಲ್ಲಿರಲಿಲ್ಲ. ಹೆದರಿ ಕಣ್ಣು ಮುಚ್ಚಿದ್ದು ಅವನಿಗೆ ಹೇಗೆ ತಿಳಿಯಿತೋ.

"ಕಣ್ಣು ತೆರೀರಿ! ಗಾಲಿ ಮುಂದ ನೋಡಬ್ಯಾಡ್ರಿ, ದೂರ ನೋಡ್ರಿ!"

ದೂರ ನೋಡಿದೆ. ಭಯ ಹೋಗಿಬಿಟ್ಟಿತು. ಬೆರಗಾದದ್ದು ಅದಕ್ಕಲ್ಲ. ಪ್ರತಿ ಹಳ್ಳಿ ಬಂದಾಗಲೂ ಅವನು ಗಾಡಿಯನ್ನು ನಡೆಯುವವರ ವೇಗಕ್ಕೆ ಇಳಿಸುತ್ತಿದ್ದ. ಕೋಳಿ, ಕರು, ಆಡುವ ಮಕ್ಕಳು. ಒಂದು ಕಡೆ ರಸ್ತೆ ಕೆಲಸದ ಹೆಂಗಸರಿದ್ದರು. ಅವರ ಮೇಲೆ ಧೂಳು ಏಳದ ಹಾಗೆ ಕಾಲೂರಿ, ಗಾಡಿಯನ್ನು ತಳ್ಳಿಕೊಂಡೇ ದಾಟಿಸಿದ. ಎರಡಕ್ಕೆ ಹತ್ತು ನಿಮಿಷ ಇರುವಾಗ ನಾನು ಎಕ್ಸ್‌ಚೇಂಜಿನ ಮೆಟ್ಟಿಲ ಮೇಲಿದ್ದೆ.

ಅದಾಗಿ ಒಂದೂವರೆ ವರ್ಷ ಕಳೆದಿರಬೇಕು. ರೇಸಿದ್ದ ಒಂದು ಭಾನುವಾರ ನಾನು ಸ್ವಿಚ್‌ಬೋರ್ಡಿನ ಮುಂದಿದ್ದೆ. ಮದ್ರಾಸಿನ ಕಾಲು ಎಂದಿಗಿಂತ ಒಂದು ತಾಸು ಮುಂಚೆಯೇ ಬಂತು. ಹೋಟೆಲಿಗೆ ಜೋಡಿಸಿದೆ. ಲೈನು ತುಂಬ ಕೆಟ್ಟಿತ್ತು. ಇಬ್ಬರೂ "ಹಲೋ, ಹಲೋ" ಎಂದು ಕೂಗುತ್ತಿದ್ದರು, ಒಬ್ಬರದು ಒಬ್ಬರಿಗೆ ಮುಟ್ಟುತ್ತಿರಲಿಲ್ಲ. ನಡುವೆ ಕೂತ ನನಗೆ ಮಾತ್ರ ಇಬ್ಬರೂ ಕೇಳಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಆ ಕಡೆಯ ಮಾತನ್ನು ಈ ಕಡೆಗೆ ಆಪರೇಟರೇ ಹೇಳಬೇಕು.

"ಹೇಳ್ರಿ, ನಾನು ಅವರಿಗೆ ಹೇಳ್ತೀನಿ," ಅಂದೆ ಗುಮಾಸ್ತನಿಗೆ.

ಅವನು ಅಳುತ್ತಿದ್ದ. ಮಿಸ್ತ್ರಿ ಎರಡನೆಯವನಾಗಿ ಹೋಗುತ್ತಿದ್ದನಂತೆ. ಮುಂದಿನವನ ಗಾಡಿ ಜಾರಿ, ಸವಾರ ರಸ್ತೆಯ ನಡುವೆ ಬಿದ್ದ. ಅವನ ಮೇಲೆ ಹಾಯಬಾರದೆಂದು ಮಿಸ್ತ್ರಿ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದ. ಅಂಚಿನ ದಿಬ್ಬಕ್ಕೆ ಬಡಿಯಿತು. ಬಿದ್ದವನು ಎದ್ದು ನಿಂತ. ಮಿಸ್ತ್ರಿ ಏಳಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ…

ಈ ಕಡೆಯ ಕಿವಿಯಲ್ಲಿ ಕಂಡಕ್ಟರ್ ಕೂಗುತ್ತಿದ್ದ. "ಎಷ್ಟನೇ ನಂಬರ್ ಬಂದ್ರೀ ನಮ್ಮ ಮಿಸ್ತ್ರಿ? ಅಕ್ಕಾರ, ಏನಂತಾನ್ರೀ ಅಂವ?"

ಅವನ ಹಿಂದೆ ನೂರಾರು ಜನರ ಗದ್ದಲ. "ಮಿಸ್ತ್ರಿ ಬಿದ್ದಾರಂತ್ರಿ," ಅಂದೆ. "ಮಿಸ್ತ್ರಿ… ಇಲ್ಲಂತ್ರಿ."

"ಲೈನ್ ಖರಾಬದ. ಸರಿಯಾಗಿ ಕೇಳ್ರಿ ಅಕ್ಕಾರ. ಇನ್ನೊಮ್ಮೆ ಕೇಳ್ರಿ."

ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಹೇಳಿದೆ. ಅವನ ಹಿಂದಿನ ಗದ್ದಲ ಹತ್ತಿರದಿಂದ ದೂರಕ್ಕೆ, ಒಬ್ಬೊಬ್ಬರಾಗಿ ನಿಂತುಹೋಗುವುದು ನನಗೆ ಕೇಳಿಸಿತು. ಕಡೆಗೆ ಎಲ್ಲೋ ಒಂದು ಬಸ್ಸಿನ ಹಾರ್ನು ಅಷ್ಟೇ ಉಳಿಯಿತು.

ಅಪ್ಪಣೆ ಕೇಳಿ ಮನೆಗೆ ಓಡಿದೆ. ನನಗಿಂತ ಮೊದಲೇ ಜನ ಓಣಿಗೆ ಬಂದಿದ್ದರು, ಆದರೆ ಬಾಗಿಲ ತನಕ ಯಾರೂ ಹೋಗಿರಲಿಲ್ಲ. ತಾಯಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅಷ್ಟು ಜನರನ್ನು ಕಂಡು ಅವಳ ಮುಖ ಅರಳಿತು.

"ಏನ್ರಪ್ಪಾ, ಗೆದ್ದನೇನು?"

ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ಅವಳ ಎದುರು ಕೂತು, ಕೈ ಹಿಡಿದುಕೊಂಡು ಹೇಳಿದೆ. ಅವಳು ಕೂಗಲಿಲ್ಲ. ಮೊರವನ್ನು ಕೆಳಗಿಟ್ಟಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಬೀಳಾಗ ಯಾರಿಗರ ಬಡದಾನೇನವ್ವಾ?"

"ಇಲ್ಲ ಯವ್ವಾ. ಒಬ್ಬನ್ನ ಉಳಸ್ಯಾರ."

ತಲೆಯಾಡಿಸಿದಳು. ಆಮೇಲೆ ಅತ್ತಳು. ಹೊರಗೆ ನಿಂತಿದ್ದ ಹಮಾಲರು, ಸದಾ ಬೀಡಿ ಕಚ್ಚಿಕೊಂಡಿರುತ್ತಿದ್ದ ಗಟ್ಟಿ ಗಂಡಸರು, ಗೋಡೆಗೆ ಹಣೆ ಹಚ್ಚಿ ಅತ್ತರು.

ಎರಡು ದಿನದ ಮೇಲೆ ಮದ್ರಾಸಿನ ರೈಲಿನಲ್ಲಿ ಹೆಣ ಬಂತು. ತಾಯಿ ತಮ್ಮ ಹಳ್ಳಿಯಲ್ಲೇ ಮಣ್ಣು ಮಾಡಬೇಕೆಂದಳು. ಗಿರಣಿಯೊಂದರ ಲಾರಿ ಸಿಕ್ಕಿತು. ಲಾರಿಯಲ್ಲಿ ಅವಳ ಪಕ್ಕ ನಾನು ಕೂತೆ, ನಮ್ಮಪ್ಪ ಬೇಡವೆನ್ನಲಿಲ್ಲ. ಹಿಂದೆ ಎಷ್ಟೋ ಮೋಟಾರ್ ಸೈಕಲ್ಲುಗಳು, ನಾನು ಎಣಿಸಲಿಲ್ಲ. ಜಿಲ್ಲೆಯಲ್ಲಿ ಅಷ್ಟು ಗಾಡಿಗಳಿದ್ದವೆಂದೇ ಗೊತ್ತಿರಲಿಲ್ಲ. ಅವುಗಳ ಹಿಂದೆ ಸೈಕಲ್ಲುಗಳು, ಎತ್ತಿನ ಬಂಡಿಗಳು. ಹೊರಡುವ ಮುಂಚೆ ತಾಯಿ ಎದ್ದು ನಿಂತು ಹೇಳಿದಳು. "ನನ್ನ ಮಗನ್ನ ಮುಂದಿಟ್ಕೊಂಡು ಯಾರೂ ಜೋರು ಹೊಡೀಬ್ಯಾಡ್ರಿ. ರಸ್ತಿಮ್ಯಾಗ ಮಕ್ಕಳು ಇರ್ತಾವ."

ಲಾರಿ ನಡೆಯುವವರ ಜೊತೆ ನಡೆಯಿತು. ನಸುಕಿನಲ್ಲೇ ಹೊರಟಿದ್ದರೂ ಗಬ್ಬೂರು ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಷ್ಟು ನಿಧಾನಕ್ಕೆ ಒಗ್ಗದ ಇಂಜಿನುಗಳು ಕಾದು ಒಂದೊಂದಾಗಿ ನಿಂತವು. ಯಾರೂ ನೆರಳಿಗೆ ಹೋಗಲಿಲ್ಲ, ಯಾರೂ ಮುಂದೆ ಓಡಿಸಲಿಲ್ಲ. ಇಳಿದರು, ತಳ್ಳಿಕೊಂಡು ನಡೆದರು. ನಿಲ್ಲದ ಗಾಡಿಗಳವರೂ ಸುಮ್ಮನೆ ಇಂಜಿನು ಆರಿಸಿ ಇಳಿದರು. ಬೆವರು ಸುರಿಸುತ್ತ ಅಷ್ಟು ಜನ ಗಾಡಿ ತಳ್ಳುತ್ತಿದ್ದರೂ ಚಪ್ಪಲಿಗಳ ಸದ್ದು ಮಾತ್ರ ಇತ್ತು. ಹಳ್ಳಿಹಳ್ಳಿಯಲ್ಲಿ ಜನ ನೀರಿನ ಕೊಡ ಹಿಡಿದು ರಸ್ತೆಗೆ ಬಂದಿದ್ದರು. ಅಂದು ಯಾರ ಕೊಡದಿಂದ ಯಾರು ಕುಡಿದರೋ ಯಾರೂ ನೋಡಲಿಲ್ಲ. ಕತ್ತಲಾಗುವ ಹೊತ್ತಿಗೆ ಅವರ ಊರು ಮುಟ್ಟಿದಾಗ ಆ ಚಹಾದ ಹೋಟೆಲಿನವನೂ ಬಂದು ಹೆಗಲು ಕೊಟ್ಟ. ನಾನು ಆಮೇಲೆ ದೊಡ್ಡ ದೊಡ್ಡವರ ಮೆರವಣಿಗೆಗಳನ್ನು ಕಂಡೆ. ಅಂಥದ್ದನ್ನು ಮತ್ತೆ ಕಾಣಲಿಲ್ಲ.

ತಾಯಿ ಊರಿಗೇ ಮರಳಿದಳು, ನಾಲ್ಕಾರು ವರ್ಷ ಬದುಕಿದಳು. ಶೆಡ್ಡು ಬೇರೆಯವರದಾಯಿತು. ಆದರೆ ಎಷ್ಟೋ ವರ್ಷ, ಭಾನುವಾರ ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಆ ಹೋಟೆಲಿನ ನಂಬರು ನನ್ನ ಬೋರ್ಡಿನ ಮೇಲೆ ಬೀಳುತ್ತಿತ್ತು. ಕಂಡಕ್ಟರ್.

"ಮದ್ರಾಸಿನ ಕಾಲ್ ಏನೂ ಇಲ್ಲಲ್ರೀ ಅಕ್ಕಾರ?"

"ಇಲ್ರೀ."

"ಹಂ. ಸುಮ್ನ ಕೇಳಿದೆ. ಇಲ್ಲಿ ನಾಲ್ಕು ಮಂದಿ ಕುಂತಾರ… ಅದಕ್ಕ."

ಎಂಬತ್ತರ ದಶಕದ ನಡುವೆ ಅವನಿಗೆ ಬೇರೆ ಡಿಪೋಗೆ ವರ್ಗವಾಯಿತು. ಕರೆ ನಿಂತಿತು.

ಮೊನ್ನೆ, ಎರೆಯುವ ಶಾಸ್ತ್ರವೆಲ್ಲ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಆ ಹಳ್ಳಿಗೆ ಹೋಗಿಬಂದೆ. ಮಣ್ಣು ಮಾಡಿದ್ದ ಹೊಲದ ಅಂಚು ಸಿಗಲಿಲ್ಲ. ಆ ಕಡೆ ಕಾಲುವೆ ಬಂದು ವರ್ಷಗಳೇ ಆಗಿವೆ, ಎಲ್ಲ ಗದ್ದೆಯಾಗಿದೆ. ಸಸಿ ನೆಡುತ್ತಿದ್ದ ಹೆಂಗಸರಲ್ಲಿ ಒಬ್ಬ ಚಿಕ್ಕವಳು ಸೊಂಟ ನೇರ ಮಾಡಿ ನಾನು ಕೇಳಿದ್ದನ್ನು ಕೇಳಿಸಿಕೊಂಡಳು.

"ಕಾಲುವಿ ತೋಡಾಗ ಹೋಗಿರಬೇಕ್ರಿ. ನಮ್ಮ ಮುತ್ಯಾ ಹೇಳ್ತಿದ್ದ, ಒಬ್ಬ ಮಿಸ್ತ್ರಿ ಇದ್ನಂತ, ಭಾಳ ಜೋರು ಹೋಗ್ತಿದ್ನಂತ. ಖರೇ ಏನ್ರಿ?"

"ಖರೇವ್ವಾ."

"ಎಷ್ಟು ಜೋರು ಹೋಗ್ತಿದ್ದನ್ರಿ?"

ಗದ್ದೆಯಿಂದ ಹಾರುತ್ತಿದ್ದ ಕೊಕ್ಕರೆಗಳ ಕಡೆ ಕೈ ತೋರಿಸಿದೆ. "ಅವು ಹಾರಿ ಇಳಿಯೋದ್ರಾಗ ಗಾಡಿ ಅಲ್ಲಿ ಇರ್ತಿದ್ದಿಲ್ಲವ್ವಾ," ಅಂದೆ. ಅವಳು ಕೊಕ್ಕರೆಗಳು ಇಳಿಯುವ ತನಕ ನೋಡಿದಳು. ಆಮೇಲೆ ಮೆಲ್ಲಗೆ ಮತ್ತೆ ಕೆಸರಿಗೆ ಬಾಗಿದಳು.