ಹ್ಞೂಂಗುಟ್ಟಿದ ವಿಮಾನ

ಕೊರೊನಾ ಮುಗಿದ ಮರುವರ್ಷದ ಚಳಿಗಾಲ. ಹೈದರಾಬಾದಿನಲ್ಲಿ ವಿಮಾನ ಸಂಚಾರ ನಿಯಂತ್ರಣದ ಕೆಲಸಕ್ಕೆ ಸೇರಿದ್ದ ನಾನು ಕುಷಾಯಿಗೂಡದ ಸೋದರಮಾವನ ಮನೆಯಲ್ಲಿದ್ದೆ. ಎಷ್ಟು ಎತ್ತರದಲ್ಲಿರಬೇಕು, ಯಾವ ಕಡೆ ತಿರುಗಬೇಕು ಎಂದು ಪೈಲಟ್‌ಗಳಿಗೆ ರೇಡಿಯೊದಲ್ಲಿ ಹೇಳುವುದು ನಮ್ಮ ಕೆಲಸ. ಹೇಳಿದ್ದನ್ನು ಅವರು ಹಾಗೇ ತಿರುಗಿ ಹೇಳಬೇಕು. ಅಲ್ಲಿಯವರೆಗೆ ನಾವು ಹೇಳಿದ್ದು ಹೇಳಿದಂತೆಯೇ ಅಲ್ಲ.

ನಾನೋ ಬೀದರ್ ಕಡೆಯವಳು. ಎದುರಿನವರು ಮಾತಾಡುವಾಗ ಹ್ಞೂಂಗುಟ್ಟದಿದ್ದರೆ ನಮ್ಮಲ್ಲಿ ಅದು ಸೊಕ್ಕು. ನಮ್ಮಜ್ಜಿಯಂತೂ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಆ ಚಟ ರೇಡಿಯೊದಲ್ಲೂ ಬಿಡಲಿಲ್ಲ. ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ರಾಯಚೂರಿನ ಪಾಟೀಲ ಸರ್ ಗದರುತ್ತಿದ್ದರು. "ಏನವ್ವಾ, ಹ್ಞೂಂ ಅಂದ್ರ ವಿಮಾನ ಇಳೀತದೇನು? ಬಾಯಿಬಿಟ್ಟು ಪೂರಾ ಹೇಳು!" ನನಗೆ ಭಾರಿ ಸಿಟ್ಟು ಬರುತ್ತಿತ್ತು.

ಅವತ್ತು ಬೆಳಿಗ್ಗೆ, ಹಾರಾಟ ಕಲಿಯುತ್ತಿದ್ದ ಹುಡುಗಿಯೊಬ್ಬಳು ಪುಟ್ಟ ವಿಮಾನದಲ್ಲಿ ಒಬ್ಬಳೇ ಮಂಜಿಗೆ ಸಿಕ್ಕಿಕೊಂಡಳು. "ಎಲ್ಲಿದ್ದೇನೋ ತಿಳಿಯುತ್ತಿಲ್ಲ" ಎಂದವಳ ದನಿ ಅರ್ಧಕ್ಕೇ ನಿಂತಿತು. ಎಷ್ಟು ಕರೆದರೂ ಮಾತಿಲ್ಲ. ನಾವು ಕೂತಿದ್ದ ನಿಯಂತ್ರಣ ಗೋಪುರದ ರಾಡಾರ್ ಪರದೆಯಲ್ಲಿ ಅವಳ ಚುಕ್ಕೆ ಊರಿನಾಚೆ ಅಲೆಯುತ್ತಿತ್ತು. ಅಷ್ಟರಲ್ಲಿ ಕಿವಿಯಲ್ಲಿ 'ಟಿಕ್' ಎಂದಿತು. ಮತ್ತೊಮ್ಮೆ 'ಟಿಕ್'.

"ಸರ್, ಮೈಕ್ ಕೆಟ್ಟಿರಬೇಕ್ರಿ. ಬರೀ ಮೈಕಿನ ಗುಂಡಿ ಒತ್ತಾಕತ್ತಾಳ. ಹ್ಞೂಂ ಅನ್ನಾಕತ್ತಾಳ್ರಿ!"

ಪಾಟೀಲ ಸರ್ ನನ್ನ ಮುಖ ನೋಡಿದರು. "ಹಂಗಾರ ಮಾತಾಡ್ಸು. ಉಳಿದ ವಿಮಾನ ನಾ ದೂರ ಇಡ್ತೀನಿ."

"ಹೌದಾದರೆ ಒಮ್ಮೆ ಒತ್ತು, ಇಲ್ಲವಾದರೆ ಎರಡು ಸಲ. ನಾನು ಹೇಳುವುದು ಕೇಳಿಸುತ್ತಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಟಿಕ್. "ನಾನು ಸಾಕು ಅನ್ನುವವರೆಗೆ ನಿಧಾನ ಬಲಕ್ಕೆ ತಿರುಗು." ಟಿಕ್. ಅಬ್ಬಾ, ಚುಕ್ಕೆ ತಿರುಗಿತು! "ಕೆಳಗಿಳಿಯುವ ಅವಸರ ಬೇಡ, ಇದೇ ಎತ್ತರದಲ್ಲಿರು." ಟಿಕ್. ಉತ್ತರ ಕೊಂಚ ತಡವಾದರೂ ಮತ್ತೆ ಕೇಳುತ್ತಿದ್ದೆ.

ಹೀಗೇ ಮಾತಾಡಿಸುತ್ತ, ಮಂಜು ಕರಗತೊಡಗಿದ್ದ ನಿಲ್ದಾಣದ ಹತ್ತಿರ ಕರೆತಂದೆ. "ರನ್‌ವೇ ಕಾಣಿಸಿತಾ?" ಟಿಕ್, ಟಿಕ್. ಇಲ್ಲ. ಪಾಟೀಲ ಸರ್ ಎದ್ದು ನಿಂತರು. ಇನ್ನಷ್ಟು ಮುಂದೆ ಬರಲು ಹೇಳಿ ಮತ್ತೆ ಕೇಳಿದೆ. ಈ ಸಲ ಒಂದೇ ಟಿಕ್. ಗಾಳಿಯ ದಿಕ್ಕು ಹೇಳಿ ಇಳಿಯಲು ಅನುಮತಿ ಕೊಟ್ಟೆ. ಚಕ್ರಗಳು ನೆಲ ಮುಟ್ಟಿ, ಒಮ್ಮೆ ಪುಟಿದು, ಮತ್ತೆ ಕೂತವು. ಗೋಪುರದಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಆಮೇಲೆ ಎಷ್ಟೋ ದೊಡ್ಡ ದೊಡ್ಡ ವಿಮಾನಗಳನ್ನು ಇಳಿಸಿದ್ದೇನೆ. ಪೈಲಟ್‌ಗಳು ಧನ್ಯವಾದ ಹೇಳುತ್ತಾರೆ, ನಮಸ್ಕಾರ ಹೇಳುತ್ತಾರೆ. ಖುಷಿಯೇ. ಆದರೂ ಅವತ್ತಿನದನ್ನು ನೆನೆದರೆ ಹೊಟ್ಟೆ ತಣ್ಣಗಾಗುವ ಹಾಗೆ ಬೇರೆ ಯಾವುದರಿಂದಲೂ ಆಗಿಲ್ಲ. ಅವತ್ತು "ಕ್ಷೇಮವಾಗಿ ಇಳಿದಿದ್ದೀಯ" ಎಂದು ನಾನು ಹೇಳಿದ್ದೇ ತಡ, ಅವಳು ಗುಂಡಿ ಒತ್ತತೊಡಗಿದಳು. ಟಿಕ್, ಟಿಕ್, ಟಿಕ್, ಟಿಕ್... ನಿಲ್ಲಿಸಲೇ ಇಲ್ಲ. ನಾನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ.